ಬೇರೆಯವರ ತೇಪೆ
ಪಂಕ್ಚರ್ ಅಣ್ಣನಿಗೆ ಊರಿನ ಗಾಲಿಗಳೆಲ್ಲ ತನ್ನವೇ ಎಂಬ ಭಾವನೆ. ಅದರಲ್ಲೂ ಮೇಷ್ಟ್ರ ಹಳೆಯ ಕಾರಿನ, ಸೈಕಲ್ಲಿನಂಥ ಕಡ್ಡಿಚಕ್ರಗಳನ್ನು ಇನ್ನೊಬ್ಬರು ಮುಟ್ಟಿದರೆ ಅವನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ. ಕಡ್ಡಿ ಕೂರಿಸಿದ ತೂತುಗಳಲ್ಲಿ ಗಾಳಿ ಸೋರುವುದರಿಂದ ಆ ಚಕ್ರಗಳಿಗೆ ಟ್ಯೂಬು ಬೇಕೇ ಬೇಕು. ಟೈರು ಬಿಚ್ಚಿದ ಕೂಡಲೇ ಅವನು ಹುಡುಕುವುದು ಟ್ಯೂಬಿನ ಮೇಲೆ ಬೇರೆಯವರು ಹಚ್ಚಿದ ತೇಪೆಯನ್ನು. ತೂತಿನ ಸರದಿ ಆಮೇಲೆ. "ಯಾರ ಕೈ ಇದು?" ಎಂದು ಕೇಳುವಾಗ ಮೂಗಿನ ಹೊಳ್ಳೆ ಅರಳುತ್ತದೆ. "ದಾರೀಲಿ ಗಾಳಿ ಹೋಯ್ತು ಕಣಪ್ಪಾ, ಏನ್ ಮಾಡ್ಲಿ?" ಎಂದು ಮೇಷ್ಟ್ರು ಗೋಗರೆದರೆ, "ನೂಕ್ಕೊಂಡ್ ಬರ್ಬೇಕಿತ್ತು ಸಾರ್, ಇಪ್ಪತ್ತು ಮೈಲಿ ಏನ್ ಮಹಾ!" ಎನ್ನುತ್ತಾನೆ. ಗಟ್ಟಿಯಾಗಿ ಅಂಟಿರುವ ತೇಪೆಯನ್ನೂ ಕಿತ್ತು, ಉಜ್ಜಿ, ತನ್ನದನ್ನು ಹಚ್ಚುತ್ತಾನೆ. ಟ್ಯೂಬನ್ನು ಚುಚ್ಚುವಂಥ ಕಡ್ಡಿ ತುದಿ ಇದೆಯೇ ಎಂದು ಚಕ್ರದ ಒಳಸುತ್ತನ್ನು ಬೆರಳಿನಿಂದ ಸವರುವಾಗಲೂ ಅವನ ಕಣ್ಣು ಎದುರಿನ ಟ್ಯೂಬ್‌ಲೆಸ್ ಟೈರಿನ ಪಂಕ್ಚರ್ ಅಂಗಡಿಯ ಮೇಲೆಯೇ. ಅದು ಅವನ ತಮ್ಮ ಜಗಳವಾಡಿ ಬೇರೆಯಾದ ಮೇಲೆ ತೆರೆದದ್ದು. ಅಲ್ಲಿ ಗಿರಾಕಿ ನಿಂತರೆ ಸಾಕು, "ಐದ್ ನಿಮಿಷಕ್ಕೆ ಮುಗಿಯೋದು ಒಂದು ಕೆಲಸಾನಾ?" ಎಂದು ರಸ್ತೆಯಾಚೆಗೂ ಕೇಳುವಂತೆ ಗೊಣಗುತ್ತಾನೆ. ಆದರೆ ಮೇಷ್ಟ್ರ ಕಾರಿನ ಹಿಂದಿನ ಎಡಚಕ್ರದ ಟ್ಯೂಬಿನಲ್ಲಿ, ಅಂಚನ್ನು ದುಂಡಗೆ ಕತ್ತರಿಸಿದ ಹಳೆಯ ತೇಪೆಯೊಂದಿದೆ. ಬೇರೆಯಾಗುವ ಮೊದಲು ತಮ್ಮನೇ ಈ ಅಂಗಡಿಯಲ್ಲಿ ಕೂತು ಹಚ್ಚಿದ್ದು. "ಹೊಸ ಟ್ಯೂಬ್ ಹಾಕ್ಬಿಡಪ್ಪಾ" ಎಂದು ಮೇಷ್ಟ್ರು ಪ್ರತಿ ಸಲವೂ ಹೇಳುತ್ತಾರೆ. ಅಣ್ಣ ಟ್ಯೂಬನ್ನು ನೀರಿನಲ್ಲಿ ಅದ್ದಿ, ಒಂದು ಗುಳ್ಳೆಯೂ ಏಳದ ಆ ತೇಪೆಯನ್ನು ಹೆಬ್ಬೆರಳಿನಿಂದ ಒರೆಸಿ, "ಇದು ಇನ್ನೂ ಬಾಳುತ್ತೆ ಸಾರ್" ಎನ್ನುತ್ತಾನೆ. ಆ ಮಾತು ಹೇಳುವಾಗ ಮಾತ್ರ ಅವನು ಎದುರಂಗಡಿಯ ಕಡೆ ನೋಡುವುದಿಲ್ಲ.