ಉಪ್ಪಿನ ಗದ್ದೆಗೆ ಆನೆ ಬಂದ ಕತೆ

ಅವಳ ಬಲಗೈಯ ಕಿರುಬೆರಳಿಗೆ ಒಂದು ಬಿಳಿ ಬಟ್ಟೆಯ ಚೂರು ಸುತ್ತಿರುತ್ತಿತ್ತು. ಹೊಸಬರು ನೋಡಿದರೆ ಕತ್ತಿ ತಾಗಿದೆಯೇನೋ ಅಂದುಕೊಳ್ಳಬೇಕು. ಗಾಯವೂ ಇಲ್ಲ, ಏನೂ ಇಲ್ಲ. ಕಾಫಿ ಹಣ್ಣು ಮುಟ್ಟಿದ ಕೈ ಅರ್ಧ ಗಂಟೆಯೊಳಗೆ ಬೆಲ್ಲದ ಪಾಕ ಮೆತ್ತಿದ ಹಾಗೆ ಅಂಟಂಟಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ಆ ಕೈಯಲ್ಲಿ ಕಾಲೇಜು ಲೈಬ್ರರಿಯ ಪುಸ್ತಕ ಮುಟ್ಟುವಂತಿಲ್ಲ. ಅದಕ್ಕೇ ಒಂದು ಬೆರಳನ್ನು ಮಾತ್ರ ಅವಳು ಮಡಿಯಲ್ಲಿ ಇಟ್ಟುಕೊಂಡಿದ್ದಳು. ಪುಟ ಮುಗಿಯಿತೆಂದರೆ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಎಳೆದು, ಆ ಬೆರಳಿನ ತುದಿಯಿಂದ ಹಾಳೆ ಮಗುಚಿ, ಮತ್ತೆ ಬೆರಳನ್ನು ಬಟ್ಟೆಯೊಳಗೆ ತೂರಿಸುವಳು. ಒಂಬತ್ತು ಬೆರಳು ಕೆಲಸಕ್ಕೆ, ಒಂದು ಓದಿಗೆ.

ಅವಳು ನಮ್ಮ ಮೇಲಿನ ಮನೆಯ ಹುಡುಗಿ. ಯಸಳೂರಿನಿಂದ ವನಗೂರಿನ ಕಡೆಗೆ ಹೋಗುವ ದಾರಿಯಿಂದ ಒಳಗೆ, ಜೀಪು ಮಾತ್ರ ಹತ್ತುವ ಏರಿನಲ್ಲಿ ನಮ್ಮವು ಮೂರೇ ಮನೆ. ಮೇಲಿನ ಮನೆ, ನಡುವೆ ನಮ್ಮದು, ಆಮೇಲೆ ಕೆಳಗಿನ ಮನೆ. ಹುಡುಗಿ ಹಾಸನದಲ್ಲಿ ಸಿಸ್ಟರ್‌ಗಳು ನಡೆಸುವ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು. ಅಲ್ಲಿ ದಸರೆಗಿಂತ ಕ್ರಿಸ್‌ಮಸ್ ರಜೆಯೇ ದೊಡ್ಡದು. ಹಾಸ್ಟೆಲಿನಲ್ಲಿ ಕೊಟ್ಟ ಕೇಕಿನ ತುಂಡನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು, ಸಕಲೇಶಪುರದಲ್ಲಿ ಬಸ್ಸು ಬದಲಿಸಿ, ಯಸಳೂರಿನಲ್ಲಿ ಜೀಪು ಹಿಡಿದು ಬರುವಳು. ಆ ಒಂದು ತುಂಡು ಮೂರು ಮನೆಗೂ ಚೂರು ಚೂರಾಗಿ ಬರುತ್ತಿತ್ತು. ಬ್ಯಾಗಿನಲ್ಲಿ ಬಟ್ಟೆ ಕಡಿಮೆ, ಪುಸ್ತಕ ಜಾಸ್ತಿ.

ಮನೆಯಲ್ಲಿ ಅವಳು ಕೂತು ಓದಿದ್ದನ್ನು ನಾನು ಕಂಡಿಲ್ಲ. ಬಚ್ಚಲ ಹಿಂದಿನ ಸೌದೆ ರಾಶಿಗೆ ಒರಗಿ ನಿಂತೇ ಓದುತ್ತಿದ್ದಳು. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, "ಕೂತ್ಕಂಡ್ರೆ ಯಾರಾದ್ರೂ ಕೆಲಸ ಹೇಳ್ತಾರೆ ಅತ್ತೆ. ನಿಂತಿದ್ರೆ ಎಲ್ಲಿಗೋ ಹೊರಟವಳೆ ಅಂತ ಸುಮ್ನಾಗ್ತಾರೆ" ಅಂದಳು. ನಾನು ನಕ್ಕೆ. ಆಮೇಲೆ ನಾನೂ ಮನೆಯಲ್ಲಿ ಆ ಉಪಾಯ ಮಾಡಿ ನೋಡಿದೆ, ನನ್ನ ಮಟ್ಟಿಗೆ ನಡೆಯಲಿಲ್ಲ.

ಓದಿನಲ್ಲಿ ಅವಳದು ಬಲು ಕಟ್ಟುನಿಟ್ಟು. ಒಂದು ಸಾಲನ್ನೂ ಹಾರಿಸಬಾರದು. ಕೊನೆಯ ಪುಟವನ್ನು ಮೊದಲೇ ನೋಡಬಾರದು. ಹಾಗೆ ನೋಡುವವರ ಬಗ್ಗೆ ಅವಳಿಗೆ ನಿಜವಾದ ಕೋಪವಿತ್ತು. "ಊಟಕ್ಕೆ ಕರೆದೋರ ಮನೇಲಿ ಅಡುಗೆ ಮನೆಗೆ ನುಗ್ಗಿ ಪಾತ್ರೆ ಮುಚ್ಚಳ ತೆಗೆದ ಹಂಗೆ ಅದು" ಎನ್ನುತ್ತಿದ್ದಳು.

ನಾನು ಹೇಳಬೇಕೆಂದಿರುವುದು ನಾಲ್ಕು ವರ್ಷದ ಹಿಂದಿನ ರಜೆಯ ವಿಷಯ. ಆ ಸಲ ಅವಳ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ನಾವು ಮೂರು ಮನೆಯವರು ಮುಯ್ಯಾಳಾಗಿ ಕಾಫಿ ಕುಯ್ಯುವವರು. ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು. ಅಮ್ಮನ ಬದಲಿಗೆ ಹುಡುಗಿ ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಂಡು ಬಂದಳು. ಮೊದಲ ದಿನ ಮಧ್ಯಾಹ್ನವೇ ಕೆಳಗಿನ ಮನೆಯ ಅಕ್ಕ ಅವಳ ಚೀಲದೊಳಗೆ ಕೈ ಹಾಕಿ ನೋಡಿದರು. ಅರ್ಧಕ್ಕರ್ಧ ಹಸಿರು ಕಾಯಿ.

"ಇದೇನೇ, ಕಾಯಿ, ಹಣ್ಣು, ಎಲೆ ಎಲ್ಲ ಒಂದೇ ಮಾಡ್ಬುಟ್ಟಿದೀಯ. ನಿಮ್ಮ ಕಾಲೇಜಲ್ಲಿ ಬಣ್ಣ ಹೇಳ್ಕೊಡಲ್ವಾ?"

"ಬಣ್ಣ ಗೊತ್ತು ದೊಡ್ಡಮ್ಮ. ಕೈಗೆ ಗೊತ್ತಿಲ್ಲ."

"ನೀನು ಕುಯ್ಯೋದ್ಕಿಂತ ಕುಯ್ಯದೆ ಇದ್ರೇ ಗಿಡಕ್ಕೆ ಕ್ಷೇಮ. ಹೋಗು, ಆ ಕಲ್ಲ ಮೇಲೆ ಕೂತ್ಕೋ. ಅದೇನು ಓದ್ತಿಯೋ ಗಟ್ಟಿಯಾಗಿ ಓದು, ನಮ್ಗಾದ್ರೂ ಹೊತ್ತು ಹೋಗ್ತದೆ."

ಹೀಗೆ ಅವಳ ಓದು ಮುಯ್ಯಿಗೆ ಸಂದಿತು. ಗಿಡದ ಸಾಲಿನ ನಡುವಿನ ಕಲ್ಲಿನ ಮೇಲೆ ಕೂತು ಅವಳು ಓದುವಳು, ನಾವು ಕುಯ್ಯುವೆವು. ಇಳಿಹೊತ್ತಿಗೆ ಟಾರ್ಪಾಲಿನ ಮೇಲೆ ಹಣ್ಣು ಸುರಿದುಕೊಂಡು ಕಾಯಿ ಆರಿಸಲು ಕೂತಾಗ ಅವಳೂ ಕೂರುವಳು. ಪುಸ್ತಕ ಮೊಣಕಾಲ ಮೇಲೆ, ಕಿರುಬೆರಳಿಗೆ ಬಟ್ಟೆ.

ಪುಸ್ತಕ ಒಂದು ದಪ್ಪ ಕಾದಂಬರಿ. ಕಡಲ ದಂಡೆಯ ಊರು. ಅಲ್ಲಿ ಸಮುದ್ರದ ನೀರನ್ನು ಗದ್ದೆಗೆ ನಿಲ್ಲಿಸಿ, ಬಿಸಿಲಿಗೆ ಆರಿಸಿ, ಉಪ್ಪು ಮಾಡುತ್ತಾರೆ. ಆ ಗದ್ದೆಗಳಲ್ಲಿ ದುಡಿಯುವ ಒಬ್ಬ ಹೆಂಗಸಿನ ಕತೆ. ಸಮುದ್ರದ ವರ್ಣನೆ ಬಂದರೆ ಅಕ್ಕನಿಗೆ ತಾಳ್ಮೆ ಇರುತ್ತಿರಲಿಲ್ಲ.

"ಆ ಅಲೆ ಗಿಲೆ ಎಲ್ಲ ಬ್ಯಾಡ ಕಣೆ, ಮುಂದೆ ಏನಾಯ್ತು ಹೇಳು."

"ಬರೆದೋರು ಸುಮ್ನೆ ಬರ್ದಿಲ್ಲ ದೊಡ್ಡಮ್ಮ. ಅಲೆ ಮುಗೀಲಿ, ಅವಳು ಬರ್ತಾಳೆ."

ಅವಳ ದನಿ ಅಷ್ಟೇನೂ ಇಂಪಲ್ಲ. ಆದರೆ ಅವಸರವಿಲ್ಲದ ದನಿ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವಳು. ಹತ್ತು ಗಿಡದಾಚೆ ಇದ್ದ ನನಗೂ ಒಂದೊಂದು ಮಾತು ಕೇಳಿಸುತ್ತಿತ್ತು.

ನಾಲ್ಕನೆಯ ದಿನ ಓದುತ್ತಾ ಓದುತ್ತಾ ಅವಳು ಫಕ್ಕನೆ ನಿಲ್ಲಿಸಿದಳು. ಕತೆಯ ಹೆಂಗಸಿಗೆ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು.

ನನಗೂ ಹಾಗೊಂದು ಗಂಟಿತ್ತು. ಹಲಸಿನ ಬೀಜದಷ್ಟು. ದೀಪಾವಳಿ ಕಳೆದ ಮೇಲೆ ಹಾಸನಕ್ಕೆ ಹೋಗಿ ತೋರಿಸಿದ್ದೆವು. ಪರೀಕ್ಷೆ ಮಾಡಿ, ಕೆಟ್ಟ ಗಂಟೇ ಹೌದು, ತೆಗೆಯಬೇಕು ಎಂದು ಹೊಸ ವರ್ಷದ ಮೊದಲ ವಾರಕ್ಕೆ ದಿನ ಗೊತ್ತು ಮಾಡಿ ಕೊಟ್ಟಿದ್ದರು. ನಾನು ನಮ್ಮನೆಯವರಿಗೆ, "ಕಾಫಿ ಮುಗೀಲಿ, ಆಮೇಲೆ ನೋಡಾನ" ಅಂದಿದ್ದೆ. ನಮ್ಮ ಕಡೆ ಎಲ್ಲದಕ್ಕೂ ಹೇಳುವ ಮಾತು ಅದು. ಮದುವೆ, ಮನೆ ರಿಪೇರಿ, ಹಲ್ಲು ಕೀಳಿಸುವುದು, ಎಲ್ಲವೂ ಕಾಫಿ ಮುಗಿದ ಮೇಲೆ. ಕಾಫಿ ಮುಗಿದರೆ ಮೆಣಸು ಬರುತ್ತದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ತವರಿನಲ್ಲಿ ನನ್ನ ದೊಡ್ಡಮ್ಮ ಆಪರೇಷನ್ನಿಗೆ ಅಂತ ನಗುತ್ತಾ ಒಳಗೆ ಹೋಗಿದ್ದವಳು ಹೊರಗೆ ಬಂದಿರಲಿಲ್ಲ. ಮೂರೂ ಮನೆಯವರಿಗೆ ನನ್ನ ವಿಷಯ ಗೊತ್ತಿತ್ತು. ಹೇಳಿ ಹೇಳಿ ಸೋತು ಸುಮ್ಮನಾಗಿದ್ದರು.

ಹುಡುಗಿ ಪುಸ್ತಕ ಮಡಚಿದಳು. "ಇದು ಬ್ಯಾಡ ಅತ್ತೆ. ಬೇರೆದು ತಂದಿದೀನಿ, ನಗೋ ಕತೆ. ನಾಳೆಯಿಂದ ಅದನ್ನ ಓದ್ತೀನಿ."

"ಯಾಕೆ? ಅರ್ಧಕ್ಕೆ ಬಿಟ್ರೆ ಆಯ್ತಾ? ಓದು."

"ಅತ್ತೆ..."

"ಓದು ಕಣೆ. ಅವಳೇನು ಮಾಡ್ತಾಳೋ ನಾನೂ ನೋಡ್ಬೇಕು. ಅವಳು ಹೋಗಿ ಎದ್ದು ಬಂದ್ರೆ ನಾನೂ ಹೋಗ್ತೀನಿ. ಬರ್ಲಿಲ್ಲ ಅಂದ್ರೆ ನೀವ್ಯಾರೂ ನನ್ನ ಕರೀಬ್ಯಾಡಿ."

ನಗುನಗುತ್ತಲೇ ಅಂದಿದ್ದೆ. ಆದರೆ ಕೆಳಗಿನ ಮನೆಯ ಅಕ್ಕ ಅದನ್ನು ನೆಲಕ್ಕೆ ಬೀಳಗೊಡಲಿಲ್ಲ. ದೇವರ ಮುಂದೆ ಕೂತು ಪ್ರಸಾದ ಕೇಳುವಾಗ ಬಲಗಡೆ ಹೂ ಬಿದ್ದರೆ ಆಗಲಿ ಎಂದು, ಎಡಗಡೆ ಬಿದ್ದರೆ ಬೇಡ ಎಂದು ಅರ್ಥ. "ಹೂ ಪ್ರಸಾದ ಕೇಳ್ದಂಗೇ ಆಯ್ತು ಬುಡು. ಮಾತು ಅಂದ್ರೆ ಮಾತು" ಅಂದರು. ನಾನೂ ಹೂಂ ಅಂದೆ. ಅನ್ನುತ್ತಿರುವಾಗಲೇ ಅದು ತಮಾಷೆಯಾಗಿ ಉಳಿದಿಲ್ಲವೆಂದು ನನಗೆ ಗೊತ್ತಾಗಿತ್ತು. ಯಾರೋ ಒಬ್ಬರು ನನ್ನ ಬದಲಿಗೆ ತೀರ್ಮಾನ ಮಾಡಿಬಿಡಲಿ ಎಂದು ನಾನು ಕಾಯುತ್ತಿದ್ದೆ. ಆ ಉಪ್ಪಿನ ಗದ್ದೆಯ ಹೆಂಗಸೇ ಮಾಡಲಿ ಅನ್ನಿಸಿತು.

"ಕತೆ ಮೇಲೆ ಹಂಗೆಲ್ಲ ಆಣೆ ಇಡಬಾರದು" ಎಂದು ಹುಡುಗಿ ಮೆಲ್ಲಗೆ ಅಂದಳು. ಆ ದಿನ ಮತ್ತೆ ಓದಲಿಲ್ಲ.

ಮರುದಿನ ತಾನಾಗಿಯೇ ಬಂದು ಕಲ್ಲಿನ ಮೇಲೆ ಕೂತಳು. ಅವಳ ಮುಖ ಸ್ವಲ್ಪ ಬಾಡಿತ್ತು. ಪುಸ್ತಕ ಬಿಡಿಸಿ ಶುರು ಮಾಡಿದಳು. ಅವತ್ತಿನಿಂದ ಕತೆಗೆ ಬೇರೆಯೇ ಕಳೆ ಬಂತು. ಸಮುದ್ರದ ಅಲೆ ಕಡಿಮೆಯಾಯಿತು, ಮಾತುಕತೆ ಜಾಸ್ತಿಯಾಯಿತು. ಆ ಹೆಂಗಸು ದನಕ್ಕೆ ಹುಲ್ಲು ಹಾಕುವವರು ಯಾರು, ಹಿಟ್ಟು ಬೀಸಿಕೊಂಡು ಬರುವವರು ಯಾರು ಎಂದು ಲೆಕ್ಕ ಹಾಕುತ್ತಾ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಿದ್ದಳು. ನಾನು ಯಾರಿಗೂ ಹೇಳದ ಯೋಚನೆಗಳೆಲ್ಲ ಅವಳಿಗೆ ಬಂದಿದ್ದವು. ಒಂದು ಬೆಳಗ್ಗೆ ಉಪ್ಪಿನ ಗದ್ದೆಗೆ ಎರಡು ಆನೆ ಬಂದು ಏರಿಯನ್ನೆಲ್ಲ ತುಳಿದು ಹಾಕಿದವು.

"ಅಯ್ಯೋ, ಅಲ್ಲಿಗೂ ಬಂದವಾ?" ಎಂದರು ಅಕ್ಕ.

"ಎಲ್ಲಿಗೆ ಬರಲ್ಲ ಹೇಳಿ ದೊಡ್ಡಮ್ಮ" ಎಂದಳು ಹುಡುಗಿ, ಪುಸ್ತಕದಿಂದ ತಲೆ ಎತ್ತದೆ.

ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹಿಂದಿನ ವಾರವಷ್ಟೇ ಕೆಳಗಿನ ಮನೆಯ ಬಾಳೆಯನ್ನು ಆನೆ ಮುಗಿಸಿ ಹೋಗಿತ್ತು. ಆನೆ ಬರದ ಊರೊಂದಿದೆ ಎಂದು ನಮಗೆ ನೆನಪಾದರೂ ಹೇಗೆ ಆಗಬೇಕು?

ಆನೆ ತುಳಿದ ಗದ್ದೆಯನ್ನು ನೋಡುತ್ತಾ ನಿಂತ ಆ ಹೆಂಗಸಿಗೆ ಅವಳ ಗಂಡ, ಈ ವರ್ಷದ ಉಪ್ಪು ಹೋಯಿತಲ್ಲ ಅನ್ನುತ್ತಾನೆ. ಅವಳು ಹೇಳುತ್ತಾಳೆ: "ಉಪ್ಪು ಮುಂದಿನ ವರ್ಷವೂ ಆಗುತ್ತೆ. ನಾನು ಆಗಲ್ಲ." ಹಾಗೆಂದು ಸೀರೆ ಬದಲಿಸಿ ಬಸ್ಸು ಹತ್ತುತ್ತಾಳೆ.

ಗಿಡದ ಕೊಂಬೆ ಬಗ್ಗಿಸಿ ಹಿಡಿದಿದ್ದ ನನ್ನ ಕೈ ಹಾಗೇ ನಿಂತುಬಿಟ್ಟಿತು. ಹುಡುಗಿ ಮಾತ್ರ ನಿಲ್ಲಿಸದೆ ಓದುತ್ತಲೇ ಇದ್ದಳು. ರಜೆ ಮುಗಿಯುವ ಹಿಂದಿನ ದಿನ, ಕಾಯಿ ಆರಿಸುತ್ತಾ ಕೂತಿದ್ದಾಗ, ಆ ಹೆಂಗಸು ಆಸ್ಪತ್ರೆಯಿಂದ ಎದ್ದು ಬಂದಳು. ಮಳೆಗಾಲ ಕಳೆದು ಮತ್ತೆ ಗದ್ದೆಗೆ ಇಳಿದಳು. ಕತೆ ಮುಗಿಯಿತು. ಹುಡುಗಿ ಪುಸ್ತಕ ಮಡಚಿ ನನ್ನ ಕಡೆ ನೋಡಿದಳು.

"ಹೂ ಬಲಗಡೆ ಬಿತ್ತು" ಎಂದರು ಅಕ್ಕ.

ಗೊತ್ತು ಮಾಡಿದ್ದ ದಿನಕ್ಕೆ ನಾನು ಹಾಸನಕ್ಕೆ ಹೋದೆ. ಕುಯ್ಯದೆ ಉಳಿದ ಹಣ್ಣು ಉದುರುವಷ್ಟು ಉದುರಿತು. ಗಂಟು ತೆಗೆದರು. ಆಮೇಲೆ ಆರು ಸಲ ಔಷಧಿ ಏರಿಸಿದರು. ಕೂದಲು ಹೋಯಿತು, ಮತ್ತೆ ಬಂತು. ಇನ್ನು ಮೂರು ತಿಂಗಳು ತಡ ಮಾಡಿದ್ದರೆ ತಾವೇನೂ ಹೇಳುವ ಹಾಗಿರಲಿಲ್ಲ ಎಂದು ಡಾಕ್ಟರು ನಮ್ಮನೆಯವರ ಹತ್ತಿರ ಅಂದರಂತೆ.

ಆ "ಉಪ್ಪು ಮುಂದಿನ ವರ್ಷವೂ ಆಗುತ್ತೆ" ಎನ್ನುವ ಸಾಲನ್ನು ಪುಸ್ತಕದಲ್ಲಿ ನಾನೇ ಒಮ್ಮೆ ಕಣ್ಣಾರೆ ಓದಬೇಕೆಂದು ಆಸೆ ನನಗೆ. ಹುಡುಗಿಯನ್ನು ಕೇಳಿದಾಗಲೆಲ್ಲ, "ಯಾರೋ ತಗೊಂಡು ಹೋಗಿದಾರೆ ಅತ್ತೆ", "ಬೈಂಡಿಂಗಿಗೆ ಕೊಟ್ಟಿದಾರೆ" ಎನ್ನುತ್ತಿದ್ದಳು. ಕಳೆದ ವರ್ಷ ಸಕಲೇಶಪುರದಲ್ಲಿ ಬಸ್ಸಿಗೆ ಹೊತ್ತಿದ್ದಾಗ ಲೈಬ್ರರಿಗೆ ಹೋಗಿ ಕೇಳಿದೆ. ಸಿಕ್ಕಿತು. ಮನೆಗೆ ತಂದು, ಅವಳ ಹಾಗೆಯೇ ಒಂದು ಸಾಲೂ ಬಿಡದೆ ಓದಿದೆ, ಇಪ್ಪತ್ತು ದಿನ ಹಿಡಿಯಿತು. ಗಂಟು ಸಿಕ್ಕಿದ ಪುಟದವರೆಗೆ ಎಲ್ಲ ನಾವು ಕೇಳಿದ್ದೇ. ಅಲ್ಲಿಂದ ಮುಂದೆ ಏನೂ ನಾವು ಕೇಳಿದ್ದಲ್ಲ. ಆನೆ ಇಲ್ಲ. ಆ ಸಾಲು ಇಲ್ಲ. ಆ ಹೆಂಗಸು ಆಸ್ಪತ್ರೆಗೆ ಹೋಗುತ್ತಾಳೆ, ಆಪರೇಷನ್ ಆಗುತ್ತದೆ, ಕೊನೆಯ ಪುಟದಲ್ಲಿ ಅವಳ ಬೂದಿಯನ್ನು ಮಗ ಅದೇ ಸಮುದ್ರಕ್ಕೆ ಬಿಡುತ್ತಾನೆ.

ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ಜಗುಲಿಯಲ್ಲಿ ಕೂತಿದ್ದೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

ಆ ಕ್ರಿಸ್‌ಮಸ್ಸಿಗೆ ಹುಡುಗಿ ಮೈಸೂರಿನಿಂದ ಬಂದಳು, ಆಗ ಅಲ್ಲಿ ಬಿ.ಎಡ್. ಓದುತ್ತಿದ್ದಳು. ಪುಸ್ತಕವನ್ನು ಅವಳ ಮುಂದಿಟ್ಟೆ. ಮುಖ ಕೆಂಪಾಯಿತು.

"ನೀವು ಆ ಮಾತು ಅಂದ ಮಾರನೇ ಬೆಳಗ್ಗೆ ಸೌದೆ ಹತ್ರ ನಿಂತ್ಕಂಡು ಕೊನೇ ಪುಟ ನೋಡ್ಬುಟ್ಟೆ ಅತ್ತೆ. ಅದೇ ಮೊದಲು, ಅದೇ ಕೊನೆ. ಅವಳು ಸತ್ತಿದ್ಳು. ಏನ್ ಮಾಡ್ಲಿ? ಓದೋದು ನಿಲ್ಲಿಸಿದ್ರೆ ಅವಳು ಸತ್ಳು ಅಂತ ನಿಮಗೆ ಗೊತ್ತಾಗ್ತಿತ್ತು."

"ಅಷ್ಟು ದಿನ ಎಲ್ಲ ಬಾಯಿಂದಲೇ ಹೇಳಿದ್ಯಾ?"

"ರಾತ್ರಿ ಯೋಚನೆ ಮಾಡ್ಕಂಡು ಬರ್ತಿದ್ದೆ. ಸಮುದ್ರ ನಾನು ನೋಡಿರ್ಲಿಲ್ವಲ್ಲ, ಅದಕ್ಕೇ ಆನೆ ಬಂದ್ಬುಟ್ವು" ಎಂದು ಸ್ವಲ್ಪ ನಕ್ಕಳು. ಆಮೇಲೆ ನಗು ನಿಂತಿತು. "ಆಸ್ಪತ್ರೇಲಿ ನಿಮಗೇನಾದ್ರೂ ಆಗಿದ್ರೆ, ನಾನು ಸುಳ್ಳು ಓದಿ ಕಳಿಸಿದೆ ಅಂತ ಆಗ್ತಿತ್ತು. ಆಮೇಲೆ ಪುಸ್ತಕ ಮುಟ್ತಿರ್ಲಿಲ್ಲ ಅತ್ತೆ ನಾನು. ನೀವು ಮನೆಗೆ ಬರೋವರೆಗೂ ಹಾಸ್ಟೆಲಲ್ಲಿ ಒಂದಕ್ಷರ ಓದಕ್ಕೆ ಆಗ್ಲಿಲ್ಲ."

ಹತ್ತೊಂಬತ್ತು ವರ್ಷದ ಹುಡುಗಿ, ತನಗೆ ಪ್ರಾಣವಾಗಿದ್ದುದನ್ನು ಒತ್ತೆ ಇಟ್ಟು ನನ್ನನ್ನು ಬಸ್ಸು ಹತ್ತಿಸಿದ್ದಳು. ತಲೆ ಸವರಿ, ಊಟ ಮಾಡಿಕೊಂಡು ಹೋಗು ಅಂದೆ. ಕೆಳಗಿನ ಮನೆಯ ಅಕ್ಕನಿಗೆ ಇವತ್ತಿಗೂ ಈ ವಿಷಯ ಹೇಳಿಲ್ಲ.

ಮೊನ್ನೆ ತಪಾಸಣೆಗೆ ಹಾಸನಕ್ಕೆ ಹೋಗಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಪಾಳ್ಯದ ಕಡೆಯ ಒಬ್ಬ ಹೆಂಗಸು, ನನಗಿಂತ ಚಿಕ್ಕವಳು. ಅವಳ ಗಂಡ ಚೀಟಿ ಮಾಡಿಸಲು ಹೋಗಿದ್ದ. ಅವಳು ಕೈಚೀಲವನ್ನು ಹೆಗಲಿಗೆ ಹಾಕಿಕೊಂಡೇ ಕೂತಿದ್ದಳು, ಕಣ್ಣು ಬಾಗಿಲ ಕಡೆಗೆ.

"ರಾಗಿ ಒಕ್ಕಣೆ ಮುಗಿಸ್ಕಂಡು ಬರಾನ ಅಂದೆ, ಇವ್ರು ಕೇಳ್ಲಿಲ್ಲ" ಅಂದಳು. "ಈಗ್ಲೂ ಎದ್ದು ಹೋಗ್ಬುಡಾನ ಅನ್ನಿಸ್ತೈತೆ ಕಣಕ್ಕ."

"ಹೋಗೀಯಂತೆ. ಅದಕ್ಕೆ ಮೊದ್ಲು ಒಂದು ಕತೆ ಹೇಳ್ತೀನಿ ಕೇಳು" ಎಂದು ಉಪ್ಪಿನ ಗದ್ದೆಯ ಹೆಂಗಸಿನ ಕತೆ ಶುರು ಮಾಡಿದೆ. ಹುಡುಗಿ ಹೇಗೆ ಓದಿದ್ದಳೋ ಹಾಗೆಯೇ, ಅವಸರ ಮಾಡದೆ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು ಎನ್ನುವಲ್ಲಿಗೆ ಬಂದಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಆಮೇಲೆ? ಎದ್ದು ಬಂದ್ಳಾ?"

"ಬಂದ್ಳು ಕಣವ್ವ. ಈಗ್ಲೂ ಕೆಲಸ ಮಾಡ್ಕಂಡು ಚೆನ್ನಾಗವಳೆ."

ಅವಳು ಹೆಗಲಿನ ಚೀಲವನ್ನು ತೆಗೆದು ಬೆಂಚಿನ ಮೇಲಿಟ್ಟಳು.