ಸಿಸ್ಸಿಯ ಗಂಟಲಿಗೆ ಎರಡು ಮೇಣದಬತ್ತಿ

ಫೆಬ್ರುವರಿ ಒಂದರ ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಮಧ್ಯಾಹ್ನದ ರೈಲಿಗೆ ರಾಯಚೂರು ಬಿಟ್ಟೆ. ನಮ್ಮವರಿಗೆ ಮೊಣಕಾಲು ನೋವು, ಜೊತೆಗೆ ಬರುವಂತಿರಲಿಲ್ಲ. ಸ್ಟೇಷನ್ನಿನವರೆಗೆ ಬಂದು, "ಸುಮ್‌ಸುಮ್ನ ಅಂಜಬ್ಯಾಡ" ಎಂದು ಬುದ್ಧಿ ಹೇಳಿ ಹೋದರು. ಗದ್ವಾಲ್, ಮಹಬೂಬ್‌ನಗರದ ಮೇಲೆ ಹಾದು ಮಗಳ ಊರಿನ ಕಾಚಿಗೂಡ ಸ್ಟೇಷನ್ ಮುಟ್ಟಲು ಐದಾರು ಗಂಟೆ, ಟಿಕೆಟ್ಟು ನೂರು ರೂಪಾಯಿಯೊಳಗೆ. ಬಿಸಿಲು ಆಗಲೇ ಬೇಸಿಗೆಯಷ್ಟು ಚುರುಕಾಗಿತ್ತು.

ಮಂಗಳವಾರ ನನ್ನ ಮಗಳು ಸಿಸಿಲಿಯಾಳಿಗೆ ಥೈರಾಯ್ಡ್ ಆಪರೇಷನ್. ಗಂಟು ಕೆಟ್ಟದ್ದಲ್ಲ ಎಂದು ಮೊದಲೇ ಗೊತ್ತಾಗಿತ್ತು. ಆದರೆ ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದಂತೆ, ಅದಕ್ಕೆ ಪೆಟ್ಟಾದರೆ ದನಿ ಹೋಗಲೂಬಹುದು ಎಂದು ಡಾಕ್ಟರು ಸಹಿ ಮಾಡಿಸಿಕೊಂಡಿದ್ದರು. ಸಿಸ್ಸಿ ಅಮೀರ್‌ಪೇಟೆಯ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮೈಕು ಕೈಕೊಟ್ಟರೂ ಕಡೆಯ ಬೆಂಚಿಗೆ ಮುಟ್ಟುವ ಗಂಟಲು ಅವಳದು, ಅದರಿಂದಲೇ ಅವಳ ಅನ್ನ. ಸಂತ ಸಿಸಿಲಿಯಾಳ ಹಬ್ಬದ ದಿನ ಹುಟ್ಟಿದಳೆಂದು ಹಾಡುಗಾರರ ಪಾಲಕಿಯ ಹೆಸರಿಟ್ಟೆವು. ಹಾಡು ಬರಲಿಲ್ಲ, ದನಿ ಮಾತ್ರ ಬಂತು.

ನನ್ನದೊಂದು ಚಾಳಿ ಹೇಳಿಬಿಡುತ್ತೇನೆ. ಪೂಜೆಯಲ್ಲಿ ಆಯಾ ದಿನ ಓದುವ ಬೈಬಲ್ ವಾಚನಗಳ ಪುಟ್ಟ ಪುಸ್ತಕವನ್ನು ನಾನು ಪಂಚಾಂಗದ ಹಾಗೆ ನೋಡುತ್ತೇನೆ. ಪ್ರವಾದಿ ಯೋನ ಬಿರುಗಾಳಿಗೆ ಸಿಕ್ಕುವ ಹಡಗು ಹತ್ತಿದ ಓದು ಬಂದ ದಿನ ಬಸ್ಸು ಹತ್ತದೆ ಮನೆಯಲ್ಲೇ ಉಳಿದದ್ದುಂಟು. ನಾಳೆಯ ಓದನ್ನು ಇವತ್ತು ಓದಬಾರದು, ಅದು ನಾಳೆಯ ರೊಟ್ಟಿಯನ್ನು ಇವತ್ತೇ ತಿಂದ ಹಾಗೆ ಎಂದು ನನ್ನವ್ವ ಹೇಳುತ್ತಿದ್ದಳು. ಅವತ್ತು ಗದ್ವಾಲ್ ದಾಟಿ ಕೃಷ್ಣೆಯ ಸೇತುವೆ ಬರುವಷ್ಟರಲ್ಲಿ ತಡೆಯಲಾಗಲಿಲ್ಲ. ಮಂಗಳವಾರದ ಪುಟ ತೆಗೆದೆ.

ಮಗ ಸತ್ತ ಸುದ್ದಿ ಕೇಳಿ ದಾವೀದ ಅರಸ ಮಾಳಿಗೆಯ ಕೋಣೆಗೆ ಹತ್ತಿಹೋಗಿ, ಅವನ ಬದಲು ನಾನೇ ಸಾಯಬಾರದಿತ್ತೇ ಎಂದು ಅಳುವ ಭಾಗ. ಅಲ್ಲಿಗೇ ಪುಸ್ತಕ ಮುಚ್ಚಿದೆ.

ಎದುರಿಗೆ ಕೂತಿದ್ದ ಹೆಂಗಸು ದೇವದುರ್ಗದ ಕಡೆಯವಳು. ನನ್ನ ಮಗಳಿರುವ ಮಣಿಕೊಂಡದಲ್ಲೇ ಎದ್ದೇಳುತ್ತಿರುವ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾಳೆ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ನನಗೂ ಒಂದು ಕೊಟ್ಟಳು.

"ಓದಾಕತ್ತಿದ್ರಿ, ಅರ್ಧಕ್ಕ ಯಾಕ ಮುಚ್ಚಿದ್ರಿ ಅಕ್ಕಾರ?"

"ಕೆಟ್ಟ ಸುದ್ದಿ ಬಂತವ್ವ."

"ಕೆಟ್ಟ ಸುದ್ದೀನ ಪೂರಾ ಕೇಳಬೇಕ್ರಿ. ಅರ್ಧಾ ಕೇಳಿದ್ರ ನಿದ್ದಿ ಬರೂದಿಲ್ಲ."

ನಾನು ರೊಟ್ಟಿ ತಿಂದೆ, ಪುಸ್ತಕ ತೆರೆಯಲಿಲ್ಲ. ಕಾಚಿಗೂಡದಲ್ಲಿ ಇಳಿದಾಗ ಕತ್ತಲಾಗಿತ್ತು. ಮಣಿಕೊಂಡಕ್ಕೆ ಆಟೋದವನು ಆರುನೂರು ಕೇಳಿದ, ನನ್ನ ಹರಕುಮುರಕು ಹಿಂದಿಯಲ್ಲಿ ಜಗ್ಗಾಡಿ ಐನೂರಕ್ಕೆ ಇಳಿಸಿದೆ. ಮಗಳ ಬಾಡಿಗೆ ಮನೆ ಸಿಗುವವರೆಗೂ ದಾವೀದ ತಲೆಯೊಳಗೆ ಅಳುತ್ತಲೇ ಇದ್ದ.

ಸೋಮವಾರ ಅವಳನ್ನು ಆಸ್ಪತ್ರೆಗೆ ಸೇರಿಸಿದೆ. ಪರೀಕ್ಷೆಗೆ ರಕ್ತ ಕೊಟ್ಟು ಬಂದು ಮಂಚದ ಮೇಲೆ ಕೂತವಳೇ ನನ್ನನ್ನು ದಿಟ್ಟಿಸಿದಳು.

"ಅವ್ವಾ, ಮಾರಿ ಯಾಕ ಹಂಗ ಮಾಡೀ? ನಾಳಿನ ಓದು ನೋಡಿಯೇನು?"

"ಇಲ್ಲವ್ವ, ನಾನ್ಯಾಕ ನೋಡಲಿ."

"ನೋಡೀ ಬಿಡು. ನನಗ ಹೇಳಬ್ಯಾಡ."

ಹೆತ್ತ ಮಗಳ ಮುಂದೆ ಸುಳ್ಳು ನಿಲ್ಲುವುದಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳಿಗೂ ನನ್ನ ಭಯ ಅಂಟಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಂಗಳವಾರ ಸಂತ ಬ್ಲೇಸರ ಹಬ್ಬ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹುಡುಗನನ್ನು ಉಳಿಸಿದ ಸಂತರು ಅವರು. ಅವತ್ತು ಪೂಜೆಯ ಕೊನೆಗೆ ಎರಡು ಮೇಣದಬತ್ತಿಗಳನ್ನು ಕತ್ತರಿಯ ಹಾಗೆ ಕೆಂಪು ರಿಬ್ಬನ್ನಿನಿಂದ ಕಟ್ಟಿ, ಹಚ್ಚದೆ, ಒಬ್ಬೊಬ್ಬರ ಗಂಟಲಿಗೂ ಮುಟ್ಟಿಸಿ ಪ್ರಾರ್ಥಿಸುತ್ತಾರೆ. ಆಪರೇಷನ್ ಹತ್ತಕ್ಕೆ ಇತ್ತು. ಆರೂವರೆಗೇ ಆಸ್ಪತ್ರೆಯ ಹತ್ತಿರದ ಚರ್ಚಿಗೆ ಹೋದೆ.

ತೆಲುಗು ಪೂಜೆ. ಮೊದಲ ವಾಚನದಲ್ಲಿ ದಾವೀದ ಅತ್ತ, ನಾನು ತಲೆ ಬಗ್ಗಿಸಿ ಕೂತೆ. ಆಮೇಲೆ ಎಲ್ಲರೂ ಎದ್ದು ನಿಂತರು, ಫಾದರ್ ಶುಭಸಂದೇಶ ಓದಿದರು. ಯಾಯಿರನ ಮಗಳ ಕತೆ! ಹುಡುಗಿ ಸತ್ತಳೆಂದು ಮನೆಯವರು ಗೋಳಾಡುತ್ತಿರುವಾಗ ಯೇಸು ಅವಳ ಕೈ ಹಿಡಿದು ಎಬ್ಬಿಸುವ ಕತೆ. ಅದೇ ಪುಟದ ಕೆಳಗೇ ಇದ್ದಿರಬೇಕು. ನಲವತ್ತು ವರ್ಷದಿಂದ ಓದುತ್ತಿರುವವಳು ಮೊದಲ ವಾಚನಕ್ಕೇ ಪುಸ್ತಕ ಮುಚ್ಚಿ ಎರಡು ದಿನ ಮಗಳ ಮುಂದೆ ಸತ್ತವರ ಮುಖ ಮಾಡಿಕೊಂಡು ಓಡಾಡಿದ್ದೆ.

ಸಮಾಧಾನವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಎರಡೂ ಒಂದೇ ದಿನದ ಓದು. ಒಬ್ಬ ತಂದೆಗೆ ಮಗ ಸಿಗಲಿಲ್ಲ, ಇನ್ನೊಬ್ಬನಿಗೆ ಮಗಳು ಸಿಕ್ಕಳು. ನಾನು ಯಾರ ಸಾಲಿನಲ್ಲಿದ್ದೇನೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಗಂಟಲಿನ ಸಾಲಿನಲ್ಲಿ ನನ್ನ ಸರದಿ ಬಂದಾಗ, ಮಗಳು ಆಸ್ಪತ್ರೆಯಲ್ಲಿದ್ದಾಳೆ, ಅವಳ ಬದಲು ನಾನು ಬಂದಿದ್ದೇನೆ ಎಂದು ರಾಯಚೂರಿನ ತೆಲುಗಿನಲ್ಲಿ ಹೇಳಿದೆ. ಹಿಂದಿನವರು ನೂಕುತ್ತಿದ್ದರು. ಫಾದರ್ ಅವಸರ ಮಾಡಲಿಲ್ಲ.

"ಪೇರು ಏಮಿಟಮ್ಮಾ?" ಎಂದರು.

"ಸಿಸಿಲಿಯಾ."

ಮೇಣ ತಣ್ಣಗಿತ್ತು. ನನ್ನ ಗಂಟಲಿಗೆ ಅದನ್ನಿಟ್ಟು, ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳಿದರು.

ಆಪರೇಷನ್ ಮೂರು ಗಂಟೆ ಹಿಡಿಯಿತು. ನರಕ್ಕೆ ಏನೂ ಆಗಿಲ್ಲ, ಬಾವು ಇಳಿದ ಹಾಗೆ ದನಿ ಬರುತ್ತದೆ, ಸದ್ಯಕ್ಕೆ ಜೋರಾಗಿ ಮಾತಾಡಬಾರದು ಎಂದರು ಡಾಕ್ಟರು. ಆದರೆ ಅವಳ ಬಾಯಿಂದ ಬಂದದ್ದು ಬರೀ ಗಾಳಿ. ಎರಡನೆಯ ದಿನವೂ ಗಾಳಿ, ಐದನೆಯ ದಿನವೂ ಗಾಳಿಯೇ. ಮಣಿಕೊಂಡದ ಮನೆಯಲ್ಲಿ ಅವಳು ಚೀಟಿಯ ಮೇಲೆ ಬರೆದು ತೋರಿಸುತ್ತಿದ್ದಳು, ನಾನು ಗಂಜಿ ಕಾಸುತ್ತಿದ್ದೆ. ಕೋಚಿಂಗ್ ಸೆಂಟರಿನವರು ಯಾವಾಗ ಬರುತ್ತೀರೆಂದು ಫೋನು ಮಾಡಿದಾಗ ಉತ್ತರ ನಾನು ಕೊಟ್ಟೆ. ಡಾಕ್ಟರರ ಮಾತನ್ನು ನಾನು ನಂಬಲಿಲ್ಲ. ನಂಬಿದಂತೆ ನಟಿಸಿದೆ.

ಮುಂದಿನ ಬುಧವಾರ ನಾನು ಹೊರಟೆ. ಬೇಡವೆಂದರೂ ಸಿಸ್ಸಿ ಕಾಚಿಗೂಡದವರೆಗೆ ಬಂದಳು. ಪ್ಲಾಟ್‌ಫಾರ್ಮಿನಲ್ಲಿ ಅವಳ ಕತ್ತಿನ ಸ್ಕಾರ್ಫು ಸಡಿಲಾಗಿತ್ತು. ನನ್ನ ಚೀಲ ಕೆಳಗಿಟ್ಟು ಸ್ಕಾರ್ಫನ್ನು ಬಿಗಿಯಾಗಿ ಸುತ್ತುವಷ್ಟರಲ್ಲಿ ರೈಲು ಕದಲಿತು. ಯಾರೋ ಕೈ ಹಿಡಿದು ನನ್ನನ್ನು ಒಳಗೆ ಎಳೆದುಕೊಂಡರು. ಬಾಗಿಲಲ್ಲಿ ನಿಂತು, ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಏನನ್ನೋ ಕೈಮಾಡಿ ತೋರಿಸುತ್ತಿದ್ದಳು, ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬೋಗಿ ಮುಂದೆ ಹೋಗಿತ್ತು.

"ಅವ್ವಾ! ಚೀಲಾ! ಚೀಲಾ ಇಲ್ಲೇ ಬಿಟ್ಟೀ!"

ಒಡಕು ದನಿ. ಆದರೆ ದನಿ! ಚಹಾದವರ ಗದ್ದಲವನ್ನೂ ಗಾಲಿಗಳ ಸದ್ದನ್ನೂ ದಾಟಿ ಬಂತು. ಪಕ್ಕದಲ್ಲಿದ್ದವರು ಚೈನು ಎಳೆಯಲೇ ಎಂದು ಕೇಳಿದರು. ನಾನು ಬೇಡವೆಂದು ತಲೆಯಾಡಿಸಿದೆ, ಅಳುತ್ತಿದ್ದೆ. ಆಮೇಲೆ ಡಾಕ್ಟರು ಹೇಳಿದ್ದೆಲ್ಲ ಮರೆತು, ಬಾಗಿಲಿನಿಂದ ಬಗ್ಗಿ ಕೂಗಿದೆ:

"ಇನ್ನೊಮ್ಮಿ ಕರೀ!"