ಗೇಟಿನ ಮೇಲೆ ನಮ್ಮ ವಠಾರ

ಮಾರೇನಹಳ್ಳಿಯ ನಮ್ಮ ವಠಾರದಲ್ಲಿ ಅಷ್ಟೂ ಮನೆಗಳಿಗೆ ಒಂದೇ ಕೊಳಾಯಿ ಇದ್ದ ಕಾಲ ಅದು. ನೀರು ಬರುವ ಮೊದಲು ಕೊಳಾಯಿ ಗೊರಗೊರ ಎನ್ನುತ್ತಿತ್ತು. ಆ ಸದ್ದನ್ನು ನಾನು ಬಾಯಲ್ಲೇ ಮಾಡುತ್ತಿದ್ದೆ. ಹೆಂಗಸರು ಬಿಂದಿಗೆ ಹಿಡಿದು ಓಡಿಬರುತ್ತಿದ್ದರು. ಆಮೇಲೆ ಅದೇ ಬಿಂದಿಗೆ ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದರು. ಓದಿನಲ್ಲಿ ಹಿಂದೆ, ಕ್ರಿಕೆಟ್ಟಿನಲ್ಲಿ ಬೌಂಡರಿಯಾಚೆ. ನನ್ನ ಹತ್ತಿರ ಇದ್ದದ್ದು ಅದೊಂದೇ ವಿದ್ಯೆ.

ಅದಕ್ಕೆ ನಗುತ್ತಿದ್ದವನು ಪಕ್ಕದ ಮನೆಯ ಗಿರಿ. ಬೇರೆಯವರು ಒಮ್ಮೆ ನಕ್ಕು "ಸಾಕು ಹೋಗೋ" ಅನ್ನುತ್ತಿದ್ದರು. ಗಿರಿಗೆ ಸಾಕಾಗುತ್ತಲೇ ಇರಲಿಲ್ಲ. ಸದ್ದೇ ಇಲ್ಲದೆ ನಗುತ್ತಾ, ಗೋಡೆಗೆ ಒರಗಿ, ಮೆಲ್ಲಗೆ ಜಾರಿ ನೆಲಕ್ಕೆ ಕುಕ್ಕರಿಸಿಬಿಡುತ್ತಿದ್ದ.

"ಗೌಡ್ರುದು ಮಾಡೋ ಮಗಾ."

ಗೌಡರೆಂದರೆ ನಮ್ಮ ವಠಾರದ ಓನರ್. ನಾನು ಹೊಟ್ಟೆ ಮುಂದೆ ತಳ್ಳಿ, ಕೆಮ್ಮಿ, ಶುರು ಮಾಡುತ್ತಿದ್ದೆ: "ಯಾರ್ರೀ ಅದು ಮೊಳೆ ಹೊಡೀತಿರೋದು? ಗೋಡೆ ಏನ್ ನಿಮ್ಮಪ್ಪ ಕಟ್ಸಿದ್ದಾ?" ಗಿರಿ ಜಾರುತ್ತಿದ್ದ. ಅಷ್ಟು ಸಾಕಿತ್ತು ನನಗೆ.

ಬೇಸಿಗೆ ರಜೆಯಲ್ಲಿ ನಮ್ಮಿಬ್ಬರ ಆಟವೇ ಬೇರೆ. ವಿಜಯನಗರದ ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಾ, ಅಂಗಡಿಯ ಬೋರ್ಡುಗಳನ್ನು ಅವುಗಳದ್ದೇ ದನಿಯಲ್ಲಿ ಓದುವುದು. ಐಸ್‌ಕ್ರೀಮ್ ಅಂಗಡಿಯ ಅಕ್ಷರಗಳ ನೆತ್ತಿಯ ಮೇಲೆ ಹಿಮ ಕೂತಿರುತ್ತಿತ್ತು. ಅದನ್ನು ಹಲ್ಲು ಕಟಕಟ ಎನ್ನಿಸಿ ಓದಬೇಕು. ಬೇಕರಿಯ ಅಕ್ಷರಗಳು ಕೇಕಿನ ಮೇಲೆ ಕ್ರೀಮ್ ಹಿಂಡಿದ ಹಾಗೆ; ಅವಕ್ಕೆ ಬಾಯಿ ತುಂಬಿದ ದನಿ. ಶಾಮಿಯಾನ ಅಂಗಡಿಯ ಬೋರ್ಡಿನಲ್ಲಿ ಒಂದೊಂದು ಅಕ್ಷರಕ್ಕೂ ಝಾಲರಿ. ಜಿಮ್‌ನ ಬೋರ್ಡಿನಲ್ಲಿ ಜಿ ಅಕ್ಷರ ತೋಳು ಉಬ್ಬಿಸಿಕೊಂಡು ನಿಂತಿತ್ತು. ಅದನ್ನು ಓದುವಾಗ ನನ್ನ ಕಡ್ಡಿ ತೋಳನ್ನೂ ಎತ್ತಿ ತೋರಿಸುತ್ತಿದ್ದೆ. ದಾರಿಯಲ್ಲಿ ಹೋಗುವವರು ಅಕ್ಷರಕ್ಕಿಂತ ತೋಳಿಗೇ ಜಾಸ್ತಿ ನಗುತ್ತಿದ್ದರು.

ಆಗ ಹೊಳೆದದ್ದು: ಅಕ್ಷರಗಳೂ ಮಿಮಿಕ್ರಿ ಮಾಡುತ್ತವೆ. ಹಿಮವನ್ನು, ಬಟ್ಟೆಯನ್ನು, ಪೈಲ್ವಾನನನ್ನು ಅಣಕಿಸುತ್ತವೆ. ಅವತ್ತಿನಿಂದ ಸ್ಕೆಚ್ ಪೆನ್ನು ಹಿಡಿದವನು, ವಠಾರದ ಮಕ್ಕಳ ಪುಸ್ತಕಗಳ ಮೇಲೆ ಅವರವರ ಹೆಸರನ್ನೆಲ್ಲಾ ಬೆಂಕಿ, ನೀರು, ಬಳ್ಳಿ ಮಾಡಿ ಬರೆದುಕೊಟ್ಟೆ.

ಮುಂದಿನ ಬೇಸಿಗೆಗೆ ಗಿರಿಯ ಮನೆಯವರು ಶ್ರೀಗಂಧದ ಕಾವಲಿನಲ್ಲಿ ಸ್ವಂತ ಮನೆ ಕಟ್ಟಿಸಿ ಮುಗಿಸಿದರು. ಶಾಂತಾ ಆಂಟಿ, ಅಂದರೆ ಗಿರಿಯ ಅಮ್ಮ, ಸಂಡಿಗೆ ಹಿಟ್ಟು ಕಾಯಿಸುತ್ತಲೇ ನನ್ನನ್ನು ಕರೆದರು.

"ಲೋ ಮಂಜ, ಮನೆಗೆ 'ಬೆಳಕು' ಅಂತ ಹೆಸ್ರಿಡ್ತಾ ಇದೀವಿ. ಗೇಟಿಗೆ ಹಾಕಕ್ಕೆ ನೀನೇ ಬರ್ಕೊಡೋ. ಚೆನ್ನಾಗಿರ್ಬೇಕು, ಕೋತಿ ಥರ ಇರಬಾರ್ದು."

"ಕೋತಿ ಬರೆದ್ರೆ ಇನ್ನೇನ್ ಬರತ್ತಮ್ಮಾ?" ಅಂದ ಗಿರಿ. ಅವನಿಗೆ ಹೊಸ ಮನೆಯ ಖುಷಿ. ನನಗೆ ಒಂದೇ ಯೋಚನೆ: ಇವನು ಹೋದಮೇಲೆ ನಾನು ಗೌಡರ ದನಿ ಯಾರಿಗೆ ಮಾಡಲಿ?

ಅದಕ್ಕೇ ಒಂದು ಹುನ್ನಾರ ಮಾಡಿದೆ. ಗೇಟು ತೆಗೆದಾಗಲೆಲ್ಲಾ ಅವನಿಗೆ ನಾವೇ ಕಾಣಬೇಕು. ಬೆ ಅಕ್ಷರವನ್ನು ವಠಾರದ ಕೊಳಾಯಿ ಮುಂದೆ ಕೂತು ಪಾತ್ರೆ ತಿಕ್ಕುವ ಪುಟ್ಟಜ್ಜಿ ಮಾಡಿದೆ. ಮೇಲಿನ ಸುರುಳಿ ಅವರ ತುರುಬು. ಳ ಅಂತೂ ಗೌಡರ ಹೊಟ್ಟೆ. ಕ ಗಿರಿಯ ಅಪ್ಪ, ನಡುವಿನ ಅಡ್ಡಗೆರೆ ಅವರ ಬೆಲ್ಟು. ಆ ಕ ಅಕ್ಷರದ ಬೆನ್ನಿಗಂಟಿದ ಕೊಂಬು ನಾನು. ಮೈ ಸಣಕಲು, ತುದಿ ಮೇಲಕ್ಕೆತ್ತಿ ಎಲ್ಲರನ್ನೂ ಅಣಕಿಸುವ ಹಾಗೆ. ಉಳಿದವರು ಯಾರೆಂದು ಗಿರಿಗೆ ಹೇಳಿದೆ, ಅವನು ಜಾರಿ ನೆಲಕ್ಕೆ ಬಿದ್ದ. ಕೊಂಬಿನದು ಮಾತ್ರ ಹೇಳಲಿಲ್ಲ. ಅವನೇ ಕಂಡುಹಿಡಿಯಲಿ ಎಂದು ಬಿಟ್ಟೆ. ಅಷ್ಟು ಗೊತ್ತಾಗದಿದ್ದರೆ ಎಂಥ ಫ್ರೆಂಡು?

ಮಾಗಡಿ ರೋಡಿನ ಬೋರ್ಡ್ ಅಂಗಡಿಯವರು ನನ್ನ ಕಾಗದವನ್ನೇ ಅಚ್ಚಾಗಿಟ್ಟುಕೊಂಡು ಹಿತ್ತಾಳೆ ತಗಡಿನಲ್ಲಿ ಕತ್ತರಿಸಿಕೊಟ್ಟರಂತೆ. ಗೃಹಪ್ರವೇಶದ ದಿನ ಅಮ್ಮನ ಜೊತೆ ಬಸ್ಸಿಳಿದು ನೋಡಿದರೆ, ಗೇಟಿನ ಮೇಲೆ ನಮ್ಮ ವಠಾರ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಹೊಸ ಪೇಂಟಿನ ವಾಸನೆ, ಹೋಮದ ಹೊಗೆ, ಒಳಗಿನಿಂದ ಒಬ್ಬಟ್ಟಿನ ಘಮ.

ಗೇಟಿನ ಹತ್ತಿರ ಗಿರಿ, ಅವನ ಸುತ್ತ ಆ ಬೀದಿಯ ಹುಡುಗರು. ನಾನು ಬಂದದ್ದನ್ನು ಅವನು ನೋಡಿರಲಿಲ್ಲ. ಳ ಅಕ್ಷರ ಮುಟ್ಟಿ, ಹೊಟ್ಟೆ ಮುಂದೆ ತಳ್ಳಿ, ಕೆಮ್ಮಿದ.

"ಯಾರ್ರೀ ಅದು ಮೊಳೆ ಹೊಡೀತಿರೋದು? ಗೋಡೆ ಏನ್ ನಿಮ್ಮಪ್ಪ ಕಟ್ಸಿದ್ದಾ?"

ಹುಡುಗರು ಬಿದ್ದು ಬಿದ್ದು ನಕ್ಕರು. ಅವನು ಮಾಡಿದ್ದು ಗೌಡರನ್ನಲ್ಲ, ಗೌಡರನ್ನು ಮಾಡುವ ನನ್ನನ್ನು. ನನ್ನ ಕೆಮ್ಮೇ, ನಾನು ಮಾತಿನ ನಡುವೆ ತಡೆಯುವ ರೀತಿಯೇ. ಚೆನ್ನಾಗಿಯೇ ಮಾಡಿದ, ದರಿದ್ರದವನು. ಪುಟ್ಟಜ್ಜಿಯನ್ನೂ ಮಾಡಿದ, ತನ್ನ ಅಪ್ಪನನ್ನೂ ಮಾಡಿದ.

"ಈ ಬಾಲ ಯಾರೋ?" ಒಬ್ಬ ಕೊಂಬು ತೋರಿಸಿ ಕೇಳಿದ.

ನಾನು ಅಮ್ಮನ ಹಿಂದೆಯೇ ನಿಂತು ಕಿವಿಗೊಟ್ಟೆ.

"ಅದಾ? ಅದು ಯಾರೂ ಅಲ್ಲ ಮಗಾ. ಸುಮ್ನೆ ಡಿಸೈನು."

ಆಮೇಲೆ ನನ್ನನ್ನು ನೋಡಿ ಓಡಿಬಂದ, ಹೆಗಲ ಮೇಲೆ ಕೈ ಹಾಕಿದ. "ಇವ್ನು ನಮ್ ಹಳೇ ವಠಾರದವ್ನು ಕಣ್ರೋ, ಮಂಜ. ಇವ್ನೂ ಸಖತ್ ಮಿಮಿಕ್ರಿ ಮಾಡ್ತಾನೆ. ಗೌಡ್ರುದು ಮಾಡೋ!"

ಮಾಡಿದೆ.

"ಗಿರೀದೇ ಚೆನ್ನಾಗಿತ್ತು," ಅಂದ ಒಬ್ಬ.

ಎಲೆ ಮುಂದೆ ಕೂತಾಗ ಶಾಂತಾ ಆಂಟಿ ಬಲವಂತ ಮಾಡಿ ಒಬ್ಬಟ್ಟಿಗೆ ತುಪ್ಪ ಸುರಿದರು. "ಎಲ್ರೂ ಕೇಳ್ತಿದಾರೆ ಕಣೋ, ಯಾರ್ ಬರೆದಿದ್ದು ಅಂತ. ಯಾಕೋ ಸುಮ್ನಿದೀಯ? ನೀನು ಸುಮ್ನಿದ್ರೆ ಜ್ವರ ಬಂದಿರ್ಬೇಕು." ನಾನು ಅವರದೇ ದನಿಯಲ್ಲಿ "ಅಯ್ಯೋ, ಇನ್ನೊಂದ್ ಹಾಕ್ಸ್ಕೊಳ್ಳೋ" ಅಂದೆ. ಪಂಕ್ತಿಯೆಲ್ಲಾ ನಕ್ಕಿತು. ಗಿರಿ ಆಚೆ ಸಾಲಿನಲ್ಲಿ ಹೊಸ ಹುಡುಗರ ನಡುವೆ ಕೂತಿದ್ದ, ಅವನಿಗೆ ಕೇಳಿಸಲಿಲ್ಲ.

ಆ ರಜೆಯ ಉಳಿದ ದಿನಗಳಲ್ಲಿ ನಾನೊಬ್ಬನೇ ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತಿದ್ದೆ. ಬೋರ್ಡುಗಳನ್ನು ಮನಸ್ಸಿನಲ್ಲೇ ಓದಿಕೊಂಡೆ. ಒಬ್ಬನೇ ಜೋರಾಗಿ ಓದಿದರೆ ಜನ ಬೇರೆಯೇ ತಿಳಿಯುತ್ತಾರೆ.

ಈಗ ಪುಟ್ಟಜ್ಜಿ ಇಲ್ಲ, ಗೌಡರೂ ಇಲ್ಲ. ವಠಾರ ಕೆಡವಿ ಮಹಡಿ ಎಬ್ಬಿಸಿದ್ದಾರೆ. ಗಿರಿ ನನ್ನ ಹುಟ್ಟುಹಬ್ಬಕ್ಕೆ ಫೋನಿನಲ್ಲಿ ಕೇಕಿನ ಚಿತ್ರ ಕಳಿಸುತ್ತಾನೆ, ನಾನು ಮುಗಿದ ಕೈಗಳ ಚಿತ್ರ ಕಳಿಸುತ್ತೇನೆ. ಹೊಟ್ಟೆಪಾಡಿಗೆ ನಾನು ಮಾಡುವುದು ಅದನ್ನೇ: ಬೋರ್ಡಿಗೆ, ಪೋಸ್ಟರಿಗೆ, ಮದುವೆ ಕಾರ್ಡಿಗೆ ಅಕ್ಷರ ಬಿಡಿಸುವುದು, ಕಂಪ್ಯೂಟರಿನಲ್ಲಿ. "ಏನ್ ಗುರು, ಎಲ್ಲಿಂದ ಹೊಳೆಯತ್ತೆ ಇವೆಲ್ಲಾ?" ಎಂದು ಗಿರಾಕಿಗಳು ಕೇಳಿದರೆ ಗಂಭೀರವಾಗಿ ಗಡ್ಡ ನೀವಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಇವತ್ತಿಗೂ ದುಂಡಗಿನ ಅಕ್ಷರವೆಲ್ಲಾ ಗೌಡರೇ, ಕುಳಿತ ಅಕ್ಷರವೆಲ್ಲಾ ಪುಟ್ಟಜ್ಜಿಯೇ.

ಹೊಸ ಅಕ್ಷರಕ್ಕೆ ಹೊಸ ಜನ ಬೇಕೆನಿಸಿ, ಬಸವೇಶ್ವರನಗರದ ನನ್ನ ಈಗಿನ ಅಪಾರ್ಟ್‌ಮೆಂಟಿನವರನ್ನೇ ಬರೆಯೋಣವೆಂದು ಮೊನ್ನೆ ಭಾನುವಾರ ಕೂತೆ. ಮೊದಲು ಎದುರು ಮನೆಯವರು. ಅವರು ಹೇಗೆ ನಡೆಯುತ್ತಾರೆ, ಸಿಟ್ಟು ಬಂದರೆ ಏನೆಂದು ಬಯ್ಯುತ್ತಾರೆ, ನಕ್ಕರೆ ಹೊಟ್ಟೆ ಹಿಡಿದುಕೊಳ್ಳುತ್ತಾರೋ ಗೋಡೆ ಹಿಡಿದುಕೊಳ್ಳುತ್ತಾರೋ, ಒಂದೂ ಗೊತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಇಬ್ಬರೂ ಬಾಗಿಲ ಮೇಲಿನ ಕೆಂಪು ಅಂಕಿ ನೋಡುತ್ತಾ ನಿಲ್ಲುತ್ತೇವೆ. ದನಿಯಿಂದಾದರೂ ಶುರುಮಾಡೋಣವೆಂದು, ಅವರು ಹೀಗೆ ಮಾತಾಡಬಹುದು ಎಂದುಕೊಂಡು ಬಾಯಿ ತೆರೆದೆ.

ನನ್ನದೇ ದನಿ ಬಂತು.